ಒಂದು ಕವಳದ ಲೆಕ್ಕ

ನನ್ನ ಅಜ್ಜನ ಕವಳದ ಸಂಚಿಯಲ್ಲಿ ಮುಖ್ಯವಾಗಿ ಮೂರೇ ಸಾಮಾನು: ಅಡಿಕೆ, ಎಲೆ, ಸುಣ್ಣ. ತಂಬಾಕೂ ಇರುತ್ತಿತ್ತು, ಆದರೆ ಅದು ಪೇಟೆಯಿಂದ ಬಂದ ಪರಸ್ಥಳದ್ದು, ಈ ಲೆಕ್ಕಕ್ಕೆ ಬೇಡ. ಅಡಿಕೆ ಮನೆಯ ಕೆಳಗಿನ ತೋಟದ್ದು. ಎಲೆ ಅದೇ ತೋಟದ ಮರಕ್ಕೆ ಹಬ್ಬಿದ ಬಳ್ಳಿಯದು. ಸುಣ್ಣ ಮಾತ್ರ ಘಟ್ಟದ ಕೆಳಗಿನಿಂದ ಬರಬೇಕಿತ್ತು. ಅದೂ ಚಿಪ್ಪಿಯ ಸುಣ್ಣವೇ ಆಗಬೇಕು. ಕಲ್ಲುಸುಣ್ಣ ಕೊಟ್ಟರೆ ಬಾಯಿ ಸುಡುತ್ತದೆ ಎಂದು ಅಜ್ಜ ಮುಖ ಸಿಂಡರಿಸುತ್ತಿದ್ದ.

ಚಿಪ್ಪಿ ಎಂದರೆ ಕುಮಟಾ ಕಡೆ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಸಿಗುವ ಬಳಚು ಎಂಬ ಎರಡು ಚಿಪ್ಪಿನ ಜೀವಿಯ ಚಿಪ್ಪು. ಮೀನಿನ ಬುಟ್ಟಿ ಅಂಗಳ ದಾಟಿದರೆ ನೀರು ಚಿಮುಕಿಸುವ ಮನೆಯ ಯಜಮಾನ ದಿನಕ್ಕೆ ಹತ್ತು ಬಾರಿ ಜಲಚರವೊಂದರ ಮನೆಯನ್ನೇ ಸುಟ್ಟು ನಾಲಿಗೆಯ ಮೇಲಿಟ್ಟುಕೊಳ್ಳುತ್ತಿದ್ದ ಎಂಬುದು ನನಗೆ ಹೊಳೆದದ್ದು ತೀರ ತಡವಾಗಿ, ಆ ಅಳಿವೆಯ ದಡದ ತದಡಿಯಲ್ಲಿ ಚಿಪ್ಪಿನ ರಾಶಿಯೊಂದರ ಮುಂದೆ ನಿಂತಾಗ. ಕವಳ ಬಾಯಿಗೆ ಒಳ್ಳೆಯದಲ್ಲ ಎಂದು ವೈದ್ಯರು ಹೇಳುವುದು ಸರಿಯೇ, ನಾನು ಹಾಕುವುದಿಲ್ಲ. ಆದರೆ ಪರಿಸರ ವ್ಯವಸ್ಥೆ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಸಂಚಿ. ಅದರೊಳಗೆ ಶಿರಸಿಯ ಬೆಟ್ಟವೂ ಇತ್ತು, ಅಘನಾಶಿನಿ ಹೊಳೆಯ ಅಳಿವೆಯೂ ಇತ್ತು.

ಜರ್ಮನಿಯ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ‘ಇಕಾಲಜಿ’ ಎಂಬ ಪದ ಕಟ್ಟಿದಾಗ ಗ್ರೀಕಿನ ‘ಓಯ್ಕೋಸ್’ ಎಂಬ ಮಾತನ್ನು ಹಿಡಿದುಕೊಂಡ. ಅದರ ಅರ್ಥ ಮನೆ. ‘ಇಕನಾಮಿಕ್ಸ್’ ಎಂಬುದಕ್ಕೂ ಬೇರು ಅದೇ. ಎರಡೂ ಮೂಲದಲ್ಲಿ ಮನೆವಾರ್ತೆಯ ವಿಚಾರವೇ: ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು, ಕಣಜದಲ್ಲಿ ಉಳಿದದ್ದೆಷ್ಟು. ‘ಇಕೋಸಿಸ್ಟಮ್’, ಅಂದರೆ ಪರಿಸರ ವ್ಯವಸ್ಥೆ, ಎಂಬ ಮಾತು ಬಂದದ್ದು ಇನ್ನೂ ತಡವಾಗಿ. 1935ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ ಅದನ್ನು ಬರವಣಿಗೆಗೆ ತಂದ. ಗಿಡ ಮರ ಪ್ರಾಣಿಗಳನ್ನು ಒಂದು ಕಡೆ, ಮಣ್ಣು ನೀರು ಹವೆಗಳನ್ನು ಇನ್ನೊಂದು ಕಡೆ ಇಟ್ಟು ನೋಡುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. ಜೀವ ಇರುವುದೂ ಇಲ್ಲದ್ದೂ ಸೇರಿಯೇ ಒಂದು ವ್ಯವಸ್ಥೆ. ಅಧ್ಯಯನಕ್ಕೆ ಬೇಲಿ ಹಾಕಿಕೊಳ್ಳುವವರು ನಾವು. ಒಂದು ಹೊಂಡವನ್ನೂ ಹಾಗೆ ಕರೆಯಬಹುದು, ಇಡೀ ನದಿಯನ್ನೂ ಕರೆಯಬಹುದು.

ಈ ಮನೆಯ ಲೆಕ್ಕ ತಿಳಿಯಬೇಕಾದರೆ ಎರಡು ಪುಸ್ತಕ ಬೇಕು. ಒಂದು ಶಕ್ತಿಯದು, ಇನ್ನೊಂದು ವಸ್ತುವಿನದು. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಲು ಹೋದರೆ ಲೆಕ್ಕ ತಪ್ಪುತ್ತದೆ. ‘ಪ್ರಕೃತಿಯಲ್ಲಿ ಎಲ್ಲವೂ ಚಕ್ರ’ ಎಂದು ಭಾಷಣದಲ್ಲಿ ಹೇಳುವವರು ಮಾಡುವ ತಪ್ಪು ಅದೇ.

ಮೊದಲು ಶಕ್ತಿಯ ಪುಸ್ತಕ. ಇದರಲ್ಲಿ ಜಮೆಯ ಬಾಬ್ತು ಒಂದೇ, ಬಿಸಿಲು. ಬೆಟ್ಟದ ಮತ್ತಿ, ಹೊನ್ನೆ, ತೋಟದ ಅಡಿಕೆ, ಅಳಿವೆಯ ನೀರಿನಲ್ಲಿ ಕಣ್ಣಿಗೆ ಕಾಣದೆ ತೇಲುವ ಸಸ್ಯಪ್ಲವಕಗಳು, ಎಲ್ಲಕ್ಕೂ ಹಸಿರು ಬಣ್ಣದ ಪತ್ರಹರಿತ್ತು ಇದೆ. ಅದರ ಬಲದಿಂದ ನೀರನ್ನೂ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಸೇರಿಸಿ ಸಕ್ಕರೆ ಮಾಡಿಕೊಳ್ಳುತ್ತವೆ. ಬಿದ್ದ ಬಿಸಿಲಿನಲ್ಲಿ ಹೀಗೆ ಹಿಡಿದಿಡುವುದು ನೂರಕ್ಕೆ ಒಂದು ಪಾಲಿನ ಆಸುಪಾಸು. ಆ ಒಂದು ಪಾಲಿನ ಮೇಲೆ ಉಳಿದವರೆಲ್ಲರ ಬದುಕು ನಿಂತಿದೆ. ಅದಕ್ಕೇ ಸಸ್ಯಗಳನ್ನು ಉತ್ಪಾದಕರು ಎನ್ನುವುದು. ಅವನ್ನು ತಿನ್ನುವವು, ತಿಂದವನ್ನು ತಿನ್ನುವವು ಎಲ್ಲ ಭಕ್ಷಕರು.

ಎಮ್ಮೆಗೆ ಹಾಕಿದ ಹುಲ್ಲೆಲ್ಲ ಹಾಲಾಗುವುದಿಲ್ಲ ಎಂಬುದು ಕೊಟ್ಟಿಗೆ ಕಂಡವರಿಗೆ ಗೊತ್ತು. ಕೆಲವು ಸಗಣಿಯಾಗಿ ಹೋಗುತ್ತದೆ, ದೊಡ್ಡ ಪಾಲು ಅದರ ಉಸಿರಾಟ, ಓಡಾಟ, ಮೈಬಿಸಿಗೆ ಖರ್ಚಾಗುತ್ತದೆ. ಅಮೆರಿಕದ ರೇಮಂಡ್ ಲಿಂಡ್‌ಮನ್ ಮಿನ್ನೆಸೋಟಾದ ಒಂದು ಸಣ್ಣ ಕೆರೆಯಲ್ಲಿ ಈ ಖರ್ಚನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆದ. ಅವನ ಪ್ರಬಂಧ ಅಚ್ಚಾದದ್ದು 1942ರಲ್ಲಿ, ಅದನ್ನು ನೋಡಲು ಅವನು ಬದುಕಿರಲಿಲ್ಲ, ಮೂವತ್ತೂ ತುಂಬಿರಲಿಲ್ಲ. ಅಲ್ಲಿಂದ ಬೆಳೆದು ಬಂದ ಸ್ಥೂಲ ನಿಯಮವನ್ನು ಶಾಲೆಯ ಪುಸ್ತಕಗಳು ಹತ್ತನೆಯ ಒಂದರ ನಿಯಮ ಎನ್ನುತ್ತವೆ. ಒಂದು ಮೆಟ್ಟಿಲಿನಿಂದ ಮೇಲಿನದಕ್ಕೆ ದಾಟುವುದು ಸುಮಾರು ಶೇ 10. ಸ್ಥಳ ನೋಡಿಕೊಂಡು ಇದು ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. 1,000 ಕಿಲೋ ಸಸ್ಯಪ್ಲವಕ ತಿಂದರೆ 100 ಕಿಲೋ ಬಳಚು. ಆ ಬಳಚನ್ನು ಏಡಿ ತಿಂದರೆ 10 ಕಿಲೋ ಏಡಿ. ಏಡಿಯನ್ನು ದೊಡ್ಡ ಮೀನು ತಿಂದರೆ ಉಳಿಯುವುದು ಒಂದು ಕಿಲೋ. ಮೀನನ್ನು ಎತ್ತಿಕೊಂಡು ಹೋಗುವ ಬಿಳಿಹೊಟ್ಟೆಯ ಕಡಲ ಹದ್ದಿಗೆ ದಕ್ಕುವುದು 100 ಗ್ರಾಂ.

ಅಳಿವೆಯಲ್ಲಿ ಬಳಚು ಬುಟ್ಟಿಗಟ್ಟಲೆ ಸಿಗುವುದೂ, ಕಡಲ ಹದ್ದು ತಲೆಯೆತ್ತಿ ಹುಡುಕಿದರೆ ಒಂದೋ ಎರಡೋ ಕಾಣುವುದೂ ಈ ಒಂದೇ ಕಾರಣಕ್ಕೆ. ಬಳಚು ಕೆಳಗಿನ ಮೆಟ್ಟಿಲಲ್ಲೇ ಕುಳಿತು ಉಣ್ಣುತ್ತದೆ. ಹದ್ದು ಪಂಕ್ತಿಯ ಕೊನೆಯಲ್ಲಿ ಕುಳಿತಿದೆ, ಅದರ ಬಾಳೆಗೆ ಬರುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿರುತ್ತದೆ. ಉಳಿದ ತೊಂಬತ್ತು ಪಾಲು ಎಲ್ಲಿಗೆ ಹೋಯಿತು? ಬಿಸಿಯಾಗಿ ಆಕಾಶಕ್ಕೆ. ಅದು ತಿರುಗಿ ಬರುವುದಿಲ್ಲ. ನಾಳೆ ಬೆಳಗ್ಗೆ ಹೊಸ ಬಿಸಿಲು ಬರದಿದ್ದರೆ ಇಡೀ ಅಂಗಡಿ ಮುಚ್ಚಬೇಕು.

ವಸ್ತುವಿನ ಪುಸ್ತಕ ಇದಕ್ಕೆ ತದ್ವಿರುದ್ಧ. ಅಲ್ಲಿ ಹೊಸ ಜಮೆ ಬಹಳ ಕಡಿಮೆ, ಎಲ್ಲ ಕೈಬದಲು. ಇಂಗಾಲ, ಸಾರಜನಕ, ರಂಜಕ, ಸುಣ್ಣದೊಳಗಿನ ಕ್ಯಾಲ್ಸಿಯಂ, ಇವು ಒಬ್ಬರಿಂದ ಒಬ್ಬರಿಗೆ ಹೋಗುತ್ತಲೇ ಇರುತ್ತವೆ. ಇದನ್ನು ಶಿರಸಿ ಸೀಮೆಯ ತೋಟಿಗರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಎಂಬ ಹಕ್ಕು ಇದೆ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟ ಏರ್ಪಾಡು ಅದು. ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುತ್ತಾರೆ, ಮಳೆಗಾಲದಲ್ಲಿ ಹಸಿ ಸೊಪ್ಪು ಕಡಿದು ತರುತ್ತಾರೆ. ಅದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗುತ್ತದೆ, ಸಗಣಿ ಗಂಜಲ ಕುಡಿಯುತ್ತದೆ, ಗೊಬ್ಬರದ ಗುಂಡಿಯಲ್ಲಿ ಕೊಳೆಯುತ್ತದೆ, ಕೊನೆಗೆ ಅಡಿಕೆ ಮರದ ಬುಡ ಸೇರುತ್ತದೆ. ಒಂಬತ್ತು ಎಕರೆ ಕಾಡಿನ ಸಾರ ಒಂದು ಎಕರೆ ತೋಟಕ್ಕೆ! ತೋಟ ಸ್ವಾವಲಂಬಿ ಎಂದು ನಾವು ಮೀಸೆ ತಿರುವುತ್ತೇವೆ. ಲೆಕ್ಕ ನೋಡಿದರೆ ಅದು ಬೆಟ್ಟದ ಸಾಲಗಾರ.

ಕೊಳೆಯುವುದು ಎಂಬ ಆ ನಡುವಿನ ಕೆಲಸದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಗೆದ್ದಲು, ಎರೆಹುಳ, ಸಹಸ್ರಪದಿಗಳು ಎಲೆಯನ್ನು ಚೂರು ಮಾಡುತ್ತವೆ. ಅಣಬೆಯ ಬಿಳಿ ನೂಲುಗಳು ಮರದಂತಹ ಗಟ್ಟಿ ಭಾಗವನ್ನೂ ಕರಗಿಸುತ್ತವೆ. ಬ್ಯಾಕ್ಟೀರಿಯಾಗಳು ಉಳಿದದ್ದನ್ನು ಬೇರು ಹೀರಬಲ್ಲ ಉಪ್ಪುಗಳ ಮಟ್ಟಕ್ಕೆ ಇಳಿಸುತ್ತವೆ. ಇವೆಲ್ಲಕ್ಕೆ ಒಟ್ಟು ಹೆಸರು ವಿಘಟಕರು. ಹುಲಿ, ಸಿಂಗಳೀಕಗಳಿಗೆ ಸಿಗುವ ಛಾಯಾಚಿತ್ರಗಳಲ್ಲಿ ಸಾವಿರಕ್ಕೊಂದೂ ಇವಕ್ಕೆ ಸಿಗುವುದಿಲ್ಲ. ಆದರೆ ಕಾಡಿನಲ್ಲಿ ಬೆಳೆದ ಸೊಪ್ಪಿನ ಹೆಚ್ಚಿನ ಪಾಲನ್ನು ಪ್ರಾಣಿಗಳು ತಿನ್ನುವುದೇ ಇಲ್ಲ. ಅದು ಒಣಗಿ ಬಿದ್ದು ನೇರವಾಗಿ ಇವರ ಪಾಲಾಗುತ್ತದೆ. ಕಾಡಿನ ದೊಡ್ಡ ಹೊಟ್ಟೆ ನೆಲದ ಕೆಳಗಿದೆ.

ನಮ್ಮ ಘಟ್ಟದ ಮಣ್ಣಿಗೆ ಇದು ಇನ್ನೂ ಮುಖ್ಯ. ಇಲ್ಲಿ ಹೆಚ್ಚಿನ ಕಡೆ ಇರುವುದು ಚಿರೆಕಲ್ಲಿನ ಕೆಂಪು ನೆಲ. ಲಕ್ಷಾಂತರ ವರ್ಷಗಳ ಜಡಿಮಳೆ ಅದರ ಕರಗುವ ಸಾರವನ್ನೆಲ್ಲ ತೊಳೆದು ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿಸಿದೆ. ಇದ್ದಬದ್ದ ರಂಜಕವನ್ನೂ ಆ ಎರಡು ಲೋಹಗಳು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಾಗಿದ್ದೂ ಮೇಲೆ ಅಷ್ಟು ದಟ್ಟ ಕಾಡು ಹೇಗೆ ನಿಂತಿತು? ಸಾರ ಇರುವುದು ಮಣ್ಣಿನಲ್ಲಿ ಅಲ್ಲ, ಮರಗಳ ಮೈಯಲ್ಲಿ, ದರಕಿನಲ್ಲಿ ಮತ್ತು ಅದರ ಕೆಳಗಿನ ಎರಡು ಬೆರಳು ಕಪ್ಪು ಪದರದಲ್ಲಿ. ಎಲೆ ಬಿದ್ದ ಕೂಡಲೇ ಕೊಳೆತು, ಮಳೆ ಕೊಚ್ಚಿಕೊಂಡು ಹೋಗುವ ಮೊದಲೇ ಬೇರು ಅದನ್ನು ಹೀರಿಕೊಳ್ಳುತ್ತದೆ. ಮರ ಕಡಿದರೆ ಬ್ಯಾಂಕಿನ ಠೇವಣಿಯನ್ನೇ ಲಾರಿಗೆ ಹೇರಿ ಕಳಿಸಿದಂತೆ. ಉಳಿದದ್ದನ್ನು ಎರಡು ಮಳೆಗಾಲ ಮುಗಿಸುತ್ತವೆ.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಗುತ್ತಿಗೆದಾರರ ಕೊಡಲಿಯನ್ನು ತಡೆದರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತ ಆ ಅಪ್ಪಿಕೋ ಚಳವಳಿಯನ್ನು ಮರದ ಮೇಲಿನ ಪ್ರೀತಿ ಎಂದು ಮಾತ್ರ ಓದಿದರೆ ಅರ್ಧವೇ ಓದಿದಂತೆ. ನೈಸರ್ಗಿಕ ಕಾಡು ಕಡಿದು ತೇಗದ ನೆಡುತೋಪು ಮಾಡಿದರೆ ದರಕು ಎಲ್ಲಿಂದ, ಗೊಬ್ಬರ ಎಲ್ಲಿಂದ, ಬೇಸಿಗೆಯ ಹಳ್ಳದಲ್ಲಿ ನೀರು ಎಲ್ಲಿಂದ ಎಂಬ ಮನೆವಾರ್ತೆಯ ಪ್ರಶ್ನೆ ಅದರೊಳಗಿತ್ತು. ಒಂದೇ ಜಾತಿಯ ಮರಗಳು ಸಾಲಾಗಿ ನಿಂತರೆ ಉಪಗ್ರಹದ ಚಿತ್ರದಲ್ಲಿ ಹಸಿರು ಕಾಣುತ್ತದೆ. ಆದರೆ ಒಂದೇ ಎತ್ತರ, ಒಂದೇ ಬಗೆಯ ಬೇರು, ಒಂದೇ ಕಾಲಕ್ಕೆ ಎಲೆ ಉದುರಿಕೆ. ಕರಾವಳಿಯ ಗುಡ್ಡಗಳ ಅಕೇಶಿಯಾ ಬನದೊಳಗೆ ಹೋಗಿ ನಿಂತು ನೋಡಿದರೆ ತಿಳಿಯುತ್ತದೆ. ಕಾಲಡಿ ಚರಚರ ಎನ್ನುವ ಎಲೆ, ಮೇಲೆ ಗಾಳಿ, ನಡುವೆ ಏನೂ ಇಲ್ಲ.

ಕಾಡನ್ನು ನೆಡುವವರು ಮನುಷ್ಯರಲ್ಲ ಎಂಬುದಕ್ಕೂ ಇಲ್ಲಿಯೇ ಉದಾಹರಣೆ ಇದೆ. ಕಾನಿನ, ಅಂದರೆ ನಿತ್ಯಹಸಿರು ಕಾಡಿನ, ರಾಮಪತ್ರೆ ಮರದ ಕಾಯಿ ಬಿರಿದಾಗ ಒಳಗೆ ಕೆಂಪು ಪತ್ರೆ ಸುತ್ತಿದ ದಪ್ಪ ಬೀಜ ಕಾಣುತ್ತದೆ. ಅದನ್ನು ನುಂಗುವಷ್ಟು ಬಾಯಿ ಇರುವ ಹಕ್ಕಿಗಳು ಕೆಲವೇ, ಅವುಗಳಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಒಂದು. ಪತ್ರೆಯನ್ನು ಜೀರ್ಣಿಸಿಕೊಂಡು ಬೀಜವನ್ನು ದೂರದಲ್ಲಿ ಕಾರುತ್ತದೆ. ಮಂಗಟ್ಟೆ ಇಲ್ಲವಾದರೆ ಬೀಜ ತಾಯಿಮರದ ನೆರಳಲ್ಲೇ ಬಿದ್ದು ಹುಳ ಹಿಡಿಯುತ್ತದೆ. ಮರ ಇರುತ್ತದೆ, ಮರಿ ಇರುವುದಿಲ್ಲ. ಸಂಖ್ಯೆಯಲ್ಲಿ ಕಡಿಮೆ ಇದ್ದೂ ಇಡೀ ಕಟ್ಟಡವನ್ನು ಹಿಡಿದು ನಿಲ್ಲಿಸುವ ಜೀವಿಗೆ ಕಮಾನಿನ ನೆತ್ತಿಯ ಕಲ್ಲಿನ ಹೋಲಿಕೆ ಕೊಟ್ಟವನು ಅಮೆರಿಕದ ರಾಬರ್ಟ್ ಪೇನ್, 1969ರಲ್ಲಿ. ಅವನು ಪೆಸಿಫಿಕ್ ದಡದ ಬಂಡೆಗಳಿಂದ ನಕ್ಷತ್ರಮೀನುಗಳನ್ನು ಕಿತ್ತು ಎಸೆಯುತ್ತಾ ಹೋದ; ಅವು ತಿನ್ನುತ್ತಿದ್ದ ಒಂದು ಜಾತಿಯ ಚಿಪ್ಪಿಮೀನು ಬಂಡೆಯನ್ನೆಲ್ಲ ಆಕ್ರಮಿಸಿ ಉಳಿದವರನ್ನು ಹೊರಗೆ ಹಾಕಿತು. ತಿನ್ನುವವನು ಹೋದರೆ ಎಲ್ಲರಿಗೂ ಹಬ್ಬ ಎಂದು ನಾವು ತಿಳಿಯುತ್ತೇವೆ. ಹಬ್ಬ ಒಬ್ಬನಿಗೆ ಮಾತ್ರ.

ಎಷ್ಟೇ ಚುರುಕಾಗಿ ಕೈಬದಲು ನಡೆದರೂ ಬೆಟ್ಟದಿಂದ ಸ್ವಲ್ಪ ಸೋರುತ್ತಲೇ ಇರುತ್ತದೆ. ಆ ಸೋರಿಕೆ ಹಳ್ಳಕ್ಕೆ, ಹಳ್ಳ ಹೊಳೆಗೆ. ಶಿರಸಿ ಊರೊಳಗಿನ ಶಂಕರ ಹೊಂಡದಲ್ಲಿ ಹುಟ್ಟುತ್ತದೆ ಎನ್ನುವ ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸಿಂಗಳೀಕಗಳ ಕಾಡಿನ ಬುಡದಲ್ಲಿ ಸಾಗಿ, ಕುಮಟಾ ತಾಲ್ಲೂಕಿನಲ್ಲಿ ಅಗಲವಾಗುತ್ತಾ ಸುಮಾರು 120 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಇಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳಿವೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆಗಳಿವೆ. ಈ ಹೊಳೆ ಮಾತ್ರ ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿ, ಬೇಸಿಗೆಯಲ್ಲಿ ಕಲ್ಲುಕಲ್ಲು ಕಾಣುವಂತೆ ಇಳಿದು, ತನ್ನ ಸ್ವಭಾವದಲ್ಲೇ ಇದೆ. ಕೊಳೆತ ಎಲೆಯ ಚೂರು, ಮೆಕ್ಕಲು, ಕರಗಿದ ಸಾರ ಎಲ್ಲವೂ ತಡೆಯಿಲ್ಲದೆ ಕೆಳಗೆ ಬರುತ್ತವೆ.

ಅಳಿವೆ ಎಂದರೆ ಸಿಹಿನೀರು ಉಪ್ಪುನೀರುಗಳ ಸಂಧಿ. ಸುಮಾರಾಗಿ ದಿನಕ್ಕೆ ಎರಡು ಬಾರಿ ಭರತ ಬಂದು ಸಮುದ್ರದ ನೀರನ್ನು ಒಳಗೆ ತಳ್ಳುತ್ತದೆ, ಎರಡು ಬಾರಿ ಇಳಿತ ಅದನ್ನು ಹಿಂದಕ್ಕೆ ಎಳೆಯುತ್ತದೆ. ಘಟ್ಟದ ಸಾರ ಸಮುದ್ರಕ್ಕೆ ಓಡಿಹೋಗದೆ ಇಲ್ಲೇ ಮುಂದೆ ಹಿಂದೆ ಜೀಕುತ್ತಿರುತ್ತದೆ. ಆಳ ಕಡಿಮೆ, ಬಿಸಿಲು ತಳ ಮುಟ್ಟುತ್ತದೆ. ಸಾರವೂ ಬಿಸಿಲೂ ಒಂದೇ ಕಡೆ ಸಿಕ್ಕರೆ ಸಸ್ಯಪ್ಲವಕಕ್ಕೆ ಇನ್ನೇನು ಬೇಕು? ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೂ ತಮ್ಮ ಎಲೆ ಉದುರಿಸುತ್ತವೆ. ಕೆಸರಿಗೆ ಕಾಲಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಗಾಳಿಯಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳ ಉಸಿರು. ಬೇರಿಗೆ ಆ ಕೆಸರಿನಲ್ಲಿ ಆಮ್ಲಜನಕ ಸಿಗದ್ದರಿಂದ ಕಾಂಡ್ಲಾ ತನ್ನ ಬೇರುಗಳನ್ನು ಮೇಲೆತ್ತಿ ಗಾಳಿ ಕುಡಿಯುತ್ತದೆ. ಕೆಲವು ಜಾತಿಗಳು ಬೀಜವನ್ನು ಮರದ ಮೇಲೇ ಮೊಳಕೆಯೊಡೆಸಿ, ಗೇಣುದ್ದ ಬೆಳೆಸಿ, ಕೆಸರಿಗೆ ಇಳಿಬಿಡುತ್ತವೆ. ಆ ಬೇರುಗಳ ಸಂದಿ ಶೆಟ್ಲಿ, ಅಂದರೆ ಸಿಗಡಿ, ಮರಿಗಳಿಗೂ ಮೀನಿನ ಮರಿಗಳಿಗೂ ಬಾಲವಾಡಿ.

ಈಗ ಬಳಚು. ಮರಳು ಬೆರೆತ ಕೆಸರಿನಲ್ಲಿ ಹೂತುಕೊಂಡು, ಎರಡು ಕೊಳವೆ ಮಾತ್ರ ಹೊರಚಾಚಿ, ಒಂದರಿಂದ ನೀರು ಎಳೆದು, ಸೋಸಿ, ಇನ್ನೊಂದರಿಂದ ಬಿಡುತ್ತದೆ. ಸೋಸಿ ಸಿಕ್ಕ ಸಸ್ಯಪ್ಲವಕ ಮತ್ತು ಕೊಳೆತ ಚೂರು ಅದರ ಊಟ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟುಗಳಿಂದ ಅದರ ಮನೆ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಜನ ಅದನ್ನು ಆರಿಸುತ್ತಾರೆ. ಸಾವಿರಾರು ಮನೆಗಳ ಒಲೆ ಉರಿಯುವುದು ಇದರಿಂದ ಮತ್ತು ಅಳಿವೆಯ ಮೀನಿನಿಂದ.

ಆದರೆ ಬಳಚಿಗೆ ಊಟ ಇದ್ದರೆ ಸಾಲದು, ಉಪ್ಪು ಹದವಾಗಿರಬೇಕು. ಪ್ರತಿ ಜೀವಿಗೂ ಶಾಖ, ಉಪ್ಪು, ನೀರು, ಬೆಳಕುಗಳಲ್ಲಿ ತಾಳುವ ಮಿತಿ ಒಂದಿದೆ. ಉಳಿದೆಲ್ಲ ಸರಿಯಿದ್ದು ಒಂದು ಮಿತಿ ಮೀರಿದರೂ ಅದು ಅಲ್ಲಿ ಬಾಳಲಾರದು. ಅಘನಾಶಿನಿಯಲ್ಲಿ ಮಳೆಗಾಲದಲ್ಲಿ ನೀರು ಸಪ್ಪೆಯಾಗುತ್ತದೆ, ಹೊಳೆ ಇಳಿದ ಹಾಗೆ ಸಮುದ್ರ ಒಳಗೆ ಬಂದು ಉಪ್ಪೇರುತ್ತದೆ. ಬೇಸಿಗೆಯಲ್ಲಿ ಎಷ್ಟು ಏರುತ್ತದೆ ಎಂಬುದಕ್ಕೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನಾಗರಗಳೇ ಸಾಕ್ಷಿ. ಕುಮಟಾದಿಂದ ಅರ್ಧ ಗಂಟೆಯ ಬಸ್ಸಿನ ದಾರಿಯಲ್ಲಿರುವ ಹೊನ್ನಾವರದ ಶರಾವತಿ ಅಳಿವೆಯಲ್ಲಿ ಈ ಏರಿಳಿತ ಮಂಕಾಗಿದೆ. ವಿದ್ಯುತ್ತಿಗಾಗಿ ಹಾಯಿಸಿದ ನೀರು ಬೇಸಿಗೆಯಲ್ಲೂ ಬರುತ್ತಿರುವುದರಿಂದ ಉಪ್ಪು ಏರಲು ಬಿಡುವಿಲ್ಲ. ಅಲ್ಲಿ ಹಿಂದೆ ಇದ್ದ ಚಿಪ್ಪಿಮೀನುಗಳು ಬಹುಮಟ್ಟಿಗೆ ಮರೆಯಾಗಿವೆ. ನನ್ನ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ಪರಿಸರ ವಿಜ್ಞಾನದ ಅತ್ಯುತ್ತಮ ಪಾಠ ಇದು. ಅಲ್ಲಿ ಯಾರೂ ವಿಷ ಹಾಕಲಿಲ್ಲ. ಶುದ್ಧ ಸಿಹಿನೀರು, ತಪ್ಪು ಕಾಲದಲ್ಲಿ, ಅಷ್ಟೇ. ‘ಹೊಳೆಯ ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ಹಾಳಾಗುತ್ತದೆ’ ಎಂದು ಸಭೆಗಳಲ್ಲಿ ಕೇಳುವಾಗಲೆಲ್ಲ ನನಗೆ ಆ ಎರಡು ಅಳಿವೆಗಳು ನೆನಪಾಗುತ್ತವೆ.

ಈ ಉಪ್ಪಿನ ಏರಿಳಿತವನ್ನೇ ಪಂಚಾಂಗ ಮಾಡಿಕೊಂಡ ಬೇಸಾಯ ಗಜನಿಯದು. ಅಳಿವೆಯ ಅಂಚಿನ ತಗ್ಗುಭೂಮಿಗೆ ಕಟ್ಟೆ ಕಟ್ಟಿ, ಮಳೆ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಎತ್ತರದ ತಳಿ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಸ್ವಲ್ಪ ಉಪ್ಪನ್ನೂ ತಾಳುತ್ತದೆ. ಮೇಲಿನ ತೆನೆಯಷ್ಟೇ ಕೊಯ್ದು ಹುಲ್ಲು ಬಿಟ್ಟರೆ ಅದು ಕೊಳೆತು ಶೆಟ್ಲಿಗೂ ಮೀನಿಗೂ ಆಹಾರ. ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆಗೆದು ಭರತವನ್ನು ಒಳಗೆ ಬಿಡುತ್ತಾರೆ; ಮರಿಗಳು ತಾವಾಗಿ ಬರುತ್ತವೆ. ಮೀನಿನ ಹೊಲಸು ಮುಂದಿನ ಭತ್ತಕ್ಕೆ ಗೊಬ್ಬರ. ಬೇರೆ ಗೊಬ್ಬರ ಬೇಕಿಲ್ಲ. ವರ್ಷವಿಡೀ ಸಿಗಡಿಯನ್ನೇ ಸಾಕುತ್ತೇವೆ ಎಂದು ಹೊರಟ ಕಡೆಗಳಲ್ಲಿ ಭತ್ತವೂ ಹೋಯಿತು, ರೋಗ ಬಂದಾಗ ಸಿಗಡಿಯೂ ಹೋಯಿತು.

ಇಳಿತದಲ್ಲಿ ತೆರೆದ ಕೆಸರಿನ ಮೇಲೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಳಿಯುತ್ತವೆ. ಗಿಡ್ಡ ಕೊಕ್ಕಿನವು ಮೇಲ್ಪದರದ ಹುಳ ಹೆಕ್ಕುತ್ತವೆ, ಬಾಗಿದ ಉದ್ದ ಕೊಕ್ಕಿನವು ಆಳದ ಏಡಿ, ಹುಳಗಳನ್ನು ಎಳೆಯುತ್ತವೆ. ಒಂದೇ ಅಂಗಳ, ಜಗಳವಿಲ್ಲದ ಪಾಲು. ಒಂದು ಜೀವಿ ಏನು ತಿನ್ನುತ್ತದೆ, ಎಲ್ಲಿ, ಯಾವ ಹೊತ್ತಿಗೆ ಎಂಬುದರ ಮೊತ್ತವೇ ಆ ವ್ಯವಸ್ಥೆಯಲ್ಲಿ ಅದರ ನೆಲೆ.

ಎಷ್ಟು ಬಳಚು ತೆಗೆಯಬಹುದು? ತಿನಿಸು, ಜಾಗಗಳು ಎಷ್ಟನ್ನು ಸಾಕಬಲ್ಲವೋ ಅದು ಆ ಸ್ಥಳದ ಧಾರಣ ಸಾಮರ್ಥ್ಯ. ಸಂಖ್ಯೆ ತೀರ ಕಡಿಮೆ ಇದ್ದಾಗ ಮರಿ ಹಾಕುವವೇ ಕಡಿಮೆ, ಹಾಗಾಗಿ ಹೆಚ್ಚಳ ನಿಧಾನ. ಸಾಮರ್ಥ್ಯದ ಅಂಚಿಗೆ ಬಂದಾಗ ಊಟಕ್ಕೆ ನೂಕುನುಗ್ಗಲು, ಆಗಲೂ ನಿಧಾನ. ನಡುವೆ ಇದ್ದಾಗ ಅತಿ ವೇಗ. ಆ ವೇಗದ ಹೆಚ್ಚಳವನ್ನು ಬಡ್ಡಿಯಂತೆ ತೆಗೆದುಕೊಂಡರೆ ಅಸಲಿಗೆ ಧಕ್ಕೆಯಿಲ್ಲ. ಇನ್ನೂ ಬೆಳೆಯದ ಮರಿಗಳನ್ನು ಕೆರೆದು ತೆಗೆದರೆ ಅಸಲೇ ಕರಗುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆ ನಿಲ್ಲಿಸುವುದೂ ಇದೇ ಅಂದಾಜಿನ ಮೇಲೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಗೆ, ಸೇರಿತು. ಪಟ್ಟಿ ಅಳಿವೆಗೆ ಗೆರೆ ಎಳೆದಿದೆ. ಅದರ ಊಟ ಬರುವ ಬೆಟ್ಟ ಆ ಗೆರೆಯ ಹೊರಗಿದೆ.

ಹೀಗೆ ಸಾರವೆಲ್ಲ ಕೆಳಗೇ ಇಳಿದರೆ ಘಟ್ಟ ಬರಿದಾಗಬೇಕಲ್ಲ? ಸಾರಜನಕಕ್ಕೆ ಗಾಳಿಯೇ ಗೋದಾಮು, ದ್ವಿದಳ ಗಿಡಗಳ ಬೇರಿನ ಬ್ಯಾಕ್ಟೀರಿಯಾ ಅದನ್ನು ಇಳಿಸಿಕೊಳ್ಳುತ್ತವೆ. ರಂಜಕಕ್ಕೆ ಆ ಸೌಲಭ್ಯವಿಲ್ಲ. ಬಂಡೆ ಸವೆದು ಬರಬೇಕು, ಇಲ್ಲವೇ ಯಾರಾದರೂ ಹೊತ್ತು ತರಬೇಕು. ಮೀನು ತಿಂದ ಹಕ್ಕಿ ದೂರದ ಮರದ ಕೆಳಗೆ ಹಿಕ್ಕೆ ಹಾಕಿದಾಗ ಚಿಟಿಕೆಯಷ್ಟು ಮೇಲೇರುತ್ತದೆ. ದೇವಿಮನೆ ಘಟ್ಟ ಹತ್ತಿ ಸಂತೆಗೆ ಬರುವ ಒಣಮೀನಿನ ಮೂಟೆಯಲ್ಲಿ ಸ್ವಲ್ಪ. ಸುಣ್ಣದ ಜೊತೆ ಕ್ಯಾಲ್ಸಿಯಂ ಬರುತ್ತದೆ. ಕವಳಕ್ಕೆ ಮಾತ್ರವಲ್ಲ, ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದ ಜೊತೆಗಾರನೂ ಸುಣ್ಣವೇ. ಮೈಲುತುತ್ತದ ತಾಮ್ರ ಮಾತ್ರ ಕೊಳೆಯುವ ವಸ್ತುವಲ್ಲ, ವರ್ಷವರ್ಷವೂ ತೋಟದ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ವಸ್ತುವಿನ ಪುಸ್ತಕದಲ್ಲಿ ಹೊಡೆದುಹಾಕಲು ಬರುವುದಿಲ್ಲ.

ಅಜ್ಜನ ಸುಣ್ಣದ ಡಬ್ಬಿಯ ಮೇಲೆ ಬೆಳಗಾಗುವಷ್ಟರಲ್ಲಿ ತೆಳುವಾದ ಬಿಳಿ ಪೊರೆ ಕಟ್ಟುತ್ತಿತ್ತು. ಚಿಪ್ಪನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲ ಡೈಆಕ್ಸೈಡಾಗಿ ಗಾಳಿಗೆ ಹಾರಿರುತ್ತದೆ. ನೀರು ಹಾಕಿ ಅರಳಿಸಿದ ಸುಣ್ಣ ತೆರೆದಿಟ್ಟರೆ ಗಾಳಿಯಿಂದ ಅದನ್ನೇ ಹಿಂದಕ್ಕೆ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಆ ಪೊರೆ ಮತ್ತೆ ಚಿಪ್ಪೇ, ಬಳಚಿಲ್ಲದ ಚಿಪ್ಪು. ಅಜ್ಜನಿಗೆ ಈ ರಸಾಯನ ಗೊತ್ತಿರಲಿಲ್ಲ. ಬೆರಳ ತುದಿಯಿಂದ ಪೊರೆಯನ್ನು ಸರಿಸಿ, ಕೆಳಗಿನ ಮೆತ್ತನೆಯ ಸುಣ್ಣವನ್ನು ಎಲೆಯ ಬೆನ್ನಿಗೆ ಸವರಿ, ಬೆರಳಲ್ಲಿ ಉಳಿದದ್ದನ್ನು ಜಗುಲಿಯ ಕಂಬಕ್ಕೆ ಒರೆಸುತ್ತಿದ್ದ. ಮನೆ ಹಂಚಿಕೆಯಾಗಿ ಕಂಬ ನಮ್ಮ ಚಿಕ್ಕಪ್ಪನ ಪಾಲಿಗೆ ಹೋಗಿದೆ. ಗುರುತು ಹಾಗೇ ಇದೆ, ಉಗುರಿನಿಂದ ಕೆರೆದರೂ ಏಳುವುದಿಲ್ಲ.